ನಲ್ಲಿಯಲ್ಲಿ ನೀರು ಬರುವ ಹಸಿರು ಶಾಲೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು ಏಳನೇ ತರಗತಿಗೆ ನಿಲ್ಲುತ್ತವೆ. ಪರೀಕ್ಷೆ ಮುಗಿದು ಟಿ.ಸಿ. ಕೈಗೆ ಬರುವ ಹೊತ್ತಿಗೆ, ಎಂಟನೇ ತರಗತಿಗೆ ಮಗುವನ್ನು ಎಲ್ಲಿ ಸೇರಿಸುವುದು ಎಂಬ ಚಿಂತೆ ಮನೆಯವರನ್ನು ಹಿಡಿದಿರುತ್ತದೆ. ಹಳ್ಳಿಯಲ್ಲಾದರೆ ಹೋಬಳಿ ಕೇಂದ್ರದ ಪ್ರೌಢಶಾಲೆಯೇ ಗತಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ತೆಕ್ಕೆಗೆ ಬಂದ ಅಲ್ಲಾಳಸಂದ್ರದಂಥ ಕಡೆ ಹಾಗಲ್ಲ. ಬಳ್ಳಾರಿ ರಸ್ತೆಗೆ ಬಂದು ನಿಂತರೆ ಖಾಸಗಿ ಶಾಲೆಗಳ ಜಾಹೀರಾತು ಫಲಕಗಳು ಕಾಣುತ್ತವೆ: ಹುಲ್ಲುಹಾಸು, ಸೌರಫಲಕ, ಗಾಜಿನ ಕಟ್ಟಡ, ಕೈಯಲ್ಲಿ ಸಸಿ ಹಿಡಿದು ನಗುವ ಮಗು. ಅವುಗಳ ಶುಲ್ಕ ವರ್ಷಕ್ಕೆ ಲಕ್ಷಗಟ್ಟಲೆ. ಯಲಹಂಕದಲ್ಲಿ ಕೇಂದ್ರೀಯ ವಿದ್ಯಾಲಯಗಳಿವೆ, ಆದರೆ ಅಲ್ಲಿ ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ. ಬಾಗಲೂರಿನ ನವೋದಯ ವಿದ್ಯಾಲಯಕ್ಕೆ ಸೇರಬೇಕಾದರೆ ಐದನೇ ತರಗತಿಯಲ್ಲಿದ್ದಾಗಲೇ ಪರೀಕ್ಷೆ ಬರೆದಿರಬೇಕಿತ್ತು. ಆಟೊ ಓಡಿಸುವವರ, ಗಾರೆ ಕೆಲಸದವರ, ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸಕ್ಕೆ ಹೋಗುವವರ ಮಕ್ಕಳಿಗೆ ನಿಜವಾದ ಆಯ್ಕೆ ಉಳಿಯುವುದು ಯಲಹಂಕ, ಜಕ್ಕೂರು, ಹೆಬ್ಬಾಳದ ಕಡೆಯ ಸರ್ಕಾರಿ ಪ್ರೌಢಶಾಲೆಗಳ ನಡುವೆ.

ಈಗ ಈ ಶಾಲೆಗಳಲ್ಲೂ ‘ಆಧುನಿಕ’, ‘ಪರಿಸರಸ್ನೇಹಿ’ ಎಂಬ ಮಾತು ಕೇಳಿಬರುತ್ತಿದೆ. ರಾಜ್ಯ ಸರ್ಕಾರ 2018–19ರಲ್ಲಿ 176 ಕರ್ನಾಟಕ ಪಬ್ಲಿಕ್ ಶಾಲೆಗಳಿಂದ ಶುರು ಮಾಡಿ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಮಾದರಿಯನ್ನು ಬೆಳೆಸುತ್ತ ಬಂದಿದೆ. 2025–26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇನ್ನೂ 500 ಶಾಲೆಗಳನ್ನು ಆ ಮಟ್ಟಕ್ಕೆ ಏರಿಸುವುದಾಗಿ ಹೇಳಿದೆ. ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿದ ಪಿಎಂ ಶ್ರೀ ಯೋಜನೆಯಂತೂ ಆಯ್ದ ಶಾಲೆಗಳನ್ನು ‘ಹಸಿರು ಶಾಲೆ’ಗಳನ್ನಾಗಿ ಮಾಡುವುದನ್ನೇ ಗುರಿಯಲ್ಲಿ ಸೇರಿಸಿಕೊಂಡಿದೆ: ಸೌರ ವಿದ್ಯುತ್ತು, ಎಲ್‌ಇಡಿ ದೀಪ, ಕೈತೋಟ, ಮಳೆನೀರು ಸಂಗ್ರಹ, ಪ್ಲಾಸ್ಟಿಕ್‌ಮುಕ್ತ ಆವರಣ. ಬಡವರ ಮಕ್ಕಳ ಶಾಲೆಗೂ ಇವು ಬರಲಿ ಎಂದು ಹೇಳಲು ಯಾರೂ ಎರಡು ಸಲ ಯೋಚಿಸಬೇಕಿಲ್ಲ. ನನ್ನ ತಕರಾರಿರುವುದು ಇವುಗಳನ್ನು ನಾವು ಅಳೆಯುವ ಬಗೆಯಲ್ಲಿ. ಇಲಾಖೆ ಏನನ್ನು ಅಳವಡಿಸಿದೆ ಎಂಬುದರ ಲೆಕ್ಕ ಇಡುತ್ತದೆ. ಪೋಷಕರು ಪ್ರವೇಶದ ದಿನ ಕಣ್ಣಿಗೆ ಬಿದ್ದದ್ದನ್ನು ನೋಡಿ ಬರುತ್ತಾರೆ. ಅಳವಡಿಸಿದ್ದು ಇವತ್ತು ಕೆಲಸ ಮಾಡುತ್ತಿದೆಯೇ, ಅದರ ಉಸ್ತುವಾರಿ ಯಾರದು, ಅದರಿಂದ ಮಕ್ಕಳಿಗೆ ದಕ್ಕಿದ್ದೇನು ಎಂದು ಕೇಳುವವರು ಇಲ್ಲ. ಸರ್ಕಾರಿ ಶಾಲೆಯ ಹಸಿರು ಸೌಲಭ್ಯಗಳು ಹಾಳಾಗಿರುವುದು ಈ ಮೂರು ಪ್ರಶ್ನೆಗಳ ಗೈರುಹಾಜರಿಯಿಂದ.

ಮಳೆನೀರಿನ ಉದಾಹರಣೆಯನ್ನೇ ನೋಡಿ. 2006ರಲ್ಲಿ, ರಾಜ್ಯಕ್ಕೆ ಐವತ್ತು ತುಂಬಿದ ಹೊತ್ತಿನಲ್ಲಿ, ಸರ್ಕಾರ ‘ಸುವರ್ಣ ಜಲ’ ಎಂಬ ಯೋಜನೆ ತಂದು 23,000ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಗೆ ಮಳೆನೀರು ಸಂಗ್ರಹದ ವ್ಯವಸ್ಥೆ ಮಾಡಲು ಹೊರಟಿತು. ಉದ್ದೇಶದಲ್ಲಿ ಕೊರತೆ ಇರಲಿಲ್ಲ. ಫ್ಲೋರೈಡ್ ನೀರು ಕುಡಿಯುವ ಊರುಗಳ ಮಕ್ಕಳಿಗೆ ಅದು ವರವಾಗಬಹುದಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಬಹಳಷ್ಟು ಕಡೆ ಕೊಳವೆ ಮುರಿದು, ಸೋಸುಗ ಕಟ್ಟಿಕೊಂಡು, ತೊಟ್ಟಿಗಳು ಬಳಕೆಯಿಲ್ಲದೆ ನಿಂತವು. ಕಟ್ಟಿಸಲು ಗುತ್ತಿಗೆದಾರರಿದ್ದರು, ಬಿಲ್ಲಿಗೆ ಸಹಿ ಹಾಕಲು ಅಧಿಕಾರಿಗಳಿದ್ದರು. ಮಳೆಗಾಲಕ್ಕೆ ಮುಂಚೆ ಚಾವಣಿ ಗುಡಿಸುವ ಕೆಲಸ ಯಾರ ಹೆಸರಿನಲ್ಲೂ ಇರಲಿಲ್ಲ.

ಬೆಂಗಳೂರಿನಲ್ಲಿ ಕಾನೂನೇ ಇದೆ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾದ ಮೇಲೆ ನಿರ್ದಿಷ್ಟ ಅಳತೆ ಮೀರಿದ ನಿವೇಶನಗಳ ಕಟ್ಟಡಗಳಿಗೆಲ್ಲ ಮಳೆನೀರು ಸಂಗ್ರಹ ಕಡ್ಡಾಯ. ಹೇಗೆ ಮಾಡುವುದು ಎಂದು ತೋರಿಸಲು ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನ ಒಂದು ಉದ್ಯಾನವನ್ನೇ ಮಂಡಳಿ ಕಟ್ಟಿದೆ. ಹಾಗಾಗಿ ‘ನಮ್ಮ ಶಾಲೆಯಲ್ಲಿ ಮಳೆಕೊಯ್ಲು ಇದೆ’ ಎನ್ನುವುದು ಹೆಗ್ಗಳಿಕೆಯಲ್ಲ, ಕಾನೂನು ಪಾಲಿಸಿದ್ದೇವೆ ಎಂದಷ್ಟೇ ಅದರರ್ಥ. ಅದು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಪೋಷಕರೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕಬಹುದು.

ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್. 500 ಚದರ ಮೀಟರ್ ತಾರಸಿ ಇರುವ ಶಾಲೆಯಲ್ಲಿ, ಐದನೇ ಒಂದು ಪಾಲು ಸೋರಿಕೆ–ಆವಿಗೆ ಹೋಯಿತೆಂದರೂ, ವರ್ಷಕ್ಕೆ 3.88 ಲಕ್ಷ ಲೀಟರ್ ಸಿಗುತ್ತದೆ. ಕೇಳಲು ದೊಡ್ಡದು. ಆದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹಗಲು ಶಾಲೆಯ ಒಂದು ಮಗುವಿಗೆ ದಿನಕ್ಕೆ 45 ಲೀಟರ್ ನೀರು ಬೇಕೆನ್ನುತ್ತದೆ. 400 ಮಕ್ಕಳಿದ್ದರೆ ದಿನಕ್ಕೆ 18,000 ಲೀಟರ್. ಇಡೀ ವರ್ಷದ ಮಳೆ ಮೂರು ವಾರಕ್ಕೆ ಮುಗಿಯಿತು! ಅದೇ ನೀರನ್ನು ಕುಡಿಯಲು, ತಟ್ಟೆ–ಲೋಟ ತೊಳೆಯಲು ಎಂದು ಮಗುವಿಗೆ ಮೂರು ಲೀಟರ್‌ನಂತೆ ಮೀಸಲಿಟ್ಟರೆ ದಿನಕ್ಕೆ 1,200 ಲೀಟರ್ ಸಾಕು, ಶಾಲೆ ನಡೆಯುವ ಅಷ್ಟೂ ದಿನಗಳಿಗೆ ಸಾಕಾಗಿ ಮಿಗುತ್ತದೆ. ಮಳೆ ಹೆಚ್ಚಾಗಿ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳನ್ನು ದಾಟಿಸಲು ಸುಮಾರು ಒಂದು ಲಕ್ಷ ಲೀಟರ್ ಹಿಡಿಯುವ ಸಂಪು ಬೇಕು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಎರಡು ಮೀಟರ್ ಆಳದ ಒಂದು ನೆಲತೊಟ್ಟಿ ಅಷ್ಟಕ್ಕೆ ಸಾಕು. ಹೆಚ್ಚಿನ ಶಾಲೆಗಳಲ್ಲಿ ನಾನು ನೋಡಿರುವುದು ಐದು ಸಾವಿರ ಲೀಟರ್‌ನ ಕಪ್ಪು ಸಿಂಟೆಕ್ಸ್ ಟ್ಯಾಂಕು. ನಾಲ್ಕು ದಿನದ ನೀರು ಅಷ್ಟೇ. ಆ ಟ್ಯಾಂಕಿನ ಮೈಮೇಲೆ ‘ಜಲವೇ ಜೀವನ’ ಎಂದು ಬರೆದಿದ್ದಕ್ಕೆ ನಾನು ಅಂಕ ಕೊಡುವುದಿಲ್ಲ.

ಯಲಹಂಕದ ಕಡೆಯ ಒಂದು ಶಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಗೋಡೆಗಂಟಿ ಇಳಿದ ಪಿವಿಸಿ ಕೊಳವೆ, ಅದರ ಕೆಳಗೆ ಜಲ್ಲಿ, ಮರಳು, ಇದ್ದಿಲು ತುಂಬಿದ ನೀಲಿ ಡ್ರಮ್ಮು. ಡ್ರಮ್ಮಿಗೆ ಮುಂಚೆ ಕೊಳವೆಯಿಂದ ಒಂದು ಕವಲು, ಅದಕ್ಕೊಂದು ವಾಲ್ವು. ಮೊದಲ ಮಳೆಯ ದೂಳು, ಹಕ್ಕಿ ಹಿಕ್ಕೆ, ಎಲೆಗಳೆಲ್ಲ ಹೊರಹೋಗಲೆಂದು ಆ ಕವಲನ್ನು ತೆರೆದು, ನೀರು ತಿಳಿಯಾದ ಮೇಲೆ ಮುಚ್ಚಬೇಕು. ಆ ವಾಲ್ವಿನ ಹಿಡಿಕೆಯೇ ಇರಲಿಲ್ಲ, ತೆರೆದ ಸ್ಥಿತಿಯಲ್ಲೇ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಅಂದರೆ ಎಷ್ಟೋ ಕಾಲದಿಂದ ಚಾವಣಿಯ ನೀರೆಲ್ಲ ಆ ಕವಲಿನಿಂದ ಚರಂಡಿಗೆ ಹೋಗುತ್ತಿತ್ತು. ಪಕ್ಕದ ಗೋಡೆಯಲ್ಲಿ ವ್ಯವಸ್ಥೆಯನ್ನು ದಾನ ಮಾಡಿದ ಕಂಪನಿಯ ಹೆಸರಿನ ಫಲಕ ಚೊಕ್ಕಟವಾಗಿತ್ತು. ಒಂದು ಹಿಡಿಕೆಗೆ ಬೀಳುವ ಖರ್ಚು ಆ ಫಲಕದ ಖರ್ಚಿನ ಮುಂದೆ ಏನೇನೂ ಅಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕೆಂದಿತು. ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ಅದರಿಂದ ಬಣ್ಣ, ಬೆಂಚು, ಕಂಪ್ಯೂಟರು, ಸೌರಫಲಕ ಬಂದಿರುವುದು ನಿಜ, ಅದಕ್ಕೆ ಕೃತಜ್ಞತೆಯೂ ಸಲ್ಲಬೇಕು. ಆದರೆ ಐದು ವರ್ಷದ ನಿರ್ವಹಣೆಯನ್ನೂ ಸೇರಿಸಿ ಕೊಡದ ದಾನ ಅರ್ಧ ದಾನ. ಶಾಲೆಗಳು ಅಂಥದನ್ನು ತೆಗೆದುಕೊಳ್ಳುವಾಗ ಈ ಷರತ್ತನ್ನು ಮುಂದಿಡುವ ಧೈರ್ಯ ಮಾಡಬೇಕು.

2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಜನ ಸಾಲು ನಿಂತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ ಚಾಲನೆಗೆ ಬಂತು. ನಗರದ ಉತ್ತರ ಅಂಚಿಗೆ ಇದು ನೆಮ್ಮದಿ ತಂದಿದೆ. ಆದರೂ ನೂರು ಕಿಲೋಮೀಟರ್ ಆಚೆಯಿಂದ ಪಂಪು ಮಾಡಿ ತಂದ ನೀರನ್ನೇ ಪೂರ್ತಿ ನೆಚ್ಚಿಕೊಂಡು, ಸ್ವಂತ ಚಾವಣಿಯ ನೀರನ್ನು ಚರಂಡಿಗೆ ಬಿಡುವ ಶಾಲೆ ಹಸಿರು ಎನ್ನಿಸಿಕೊಳ್ಳಲು ಯೋಗ್ಯವಲ್ಲ.

ಸೌರಫಲಕದ ವಿಷಯ ಸ್ವಲ್ಪ ಬೇರೆ. ಶಾಲೆಯಷ್ಟು ಸೌರಶಕ್ತಿಗೆ ಹೇಳಿ ಮಾಡಿಸಿದ ಕಟ್ಟಡ ಇನ್ನೊಂದಿಲ್ಲ. ಕೆಲಸವೆಲ್ಲ ಹಗಲಲ್ಲೇ, ಬಿಸಿಲೂ ಹಗಲಲ್ಲೇ. ಬೆಂಗಳೂರಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಹತ್ತು ಕೊಠಡಿಗಳಲ್ಲಿ ತಲಾ ನಾಲ್ಕು ಕಡಿಮೆ ವಿದ್ಯುತ್ತಿನ ಫ್ಯಾನು, ನಾಲ್ಕು ಎಲ್‌ಇಡಿ ಕೊಳವೆದೀಪ ಎಂದರೆ ಆರು ಗಂಟೆಗೆ ಹನ್ನೆರಡು ಯೂನಿಟ್‌ ಬೇಕು. ಮೂರು ಕಿಲೋವಾಟ್ ಸಾಕು, ಕಂಪ್ಯೂಟರ್ ಕೊಠಡಿ ಸೇರಿದರೆ ಐದು. ಆದರೆ ಪೋಷಕರಿಗೆ ಯಾರೂ ಹೇಳದ ಒಂದು ಸಂಗತಿಯಿದೆ. ವಿದ್ಯುತ್ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ವ್ಯವಸ್ಥೆ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯವಾಗದಿರಲೆಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಬ್ಯಾಟರಿಯಾಗಲಿ ಅದಕ್ಕೆ ತಕ್ಕ ಇನ್ವರ್ಟರಾಗಲಿ ಇಲ್ಲದಿದ್ದರೆ, ತಲೆಯ ಮೇಲೆ ಸುಡುಬಿಸಿಲಿದ್ದರೂ ತರಗತಿ ಕತ್ತಲು. ಹೀಗಾಗಿ ‘ಸೋಲಾರ್ ಇದೆಯೇ’ ಎಂದು ಕೇಳಿ ಬಂದರೆ ಸಾಲದು. ಕರೆಂಟು ಹೋದಾಗ ಏನಾಗುತ್ತದೆ, ಫಲಕಗಳನ್ನು ತೊಳೆದು ಎಷ್ಟು ದಿನವಾಯಿತು ಎಂದು ಕೇಳಬೇಕು. ಹೆದ್ದಾರಿ ದೂಳು, ಮೆಟ್ರೊ ನೀಲಿ ಮಾರ್ಗದ ಕಾಮಗಾರಿಯ ದೂಳು ಎರಡೂ ಬೀಳುವ ಈ ಭಾಗದಲ್ಲಿ ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತು ಕೊಡುವುದಾಗಿ ಮುಖ್ಯಮಂತ್ರಿ 2023ರ ರಾಜ್ಯೋತ್ಸವದಂದು ಪ್ರಕಟಿಸಿದ ಮೇಲೆ ಬಿಲ್ಲಿನ ಭಾರ ಮುಖ್ಯೋಪಾಧ್ಯಾಯರ ತಲೆಯಿಂದ ಇಳಿಯಿತು. ಜೊತೆಗೇ, ವಿದ್ಯುತ್ತು ಉಳಿಸಬೇಕೆಂಬ ಒತ್ತಡವೂ ಇಳಿಯುವ ಸಾಧ್ಯತೆ ಇದೆ. ಆ ಒತ್ತಡವನ್ನು ಮಕ್ಕಳ ಕೈಗೆ ಕೊಡುವುದು ಒಳ್ಳೆಯದು: ತಿಂಗಳಿಗೊಮ್ಮೆ ಒಂಬತ್ತನೇ ತರಗತಿಯವರು ಮೀಟರ್ ಓದಿ ಬೋರ್ಡಿನ ಮೇಲೆ ಬರೆದರೆ ಅದೇ ಒಂದು ವಿಜ್ಞಾನ ಪಾಠ.

ಕೊಠಡಿಯೊಳಗೆ ಹೋಗಿ ನಿಂತು ನೋಡುವ ಅಭ್ಯಾಸ ಪೋಷಕರಲ್ಲಿ ಕಡಿಮೆ. ಸ್ಮಾರ್ಟ್ ಬೋರ್ಡು ಎಲ್ಲಿದೆ ಎಂದು ಹುಡುಕುವ ಕಣ್ಣು ಕಿಟಕಿ ಎಷ್ಟಿದೆ ಎಂದು ನೋಡುವುದಿಲ್ಲ. ಎದುರು ಬದುರು ಗೋಡೆಗಳಲ್ಲಿ ಕಿಟಕಿಯಿದ್ದು ಗಾಳಿ ಹಾದುಹೋಗುವ ಕೊಠಡಿಗೆ ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಫ್ಯಾನೇ ಬೇಡ. ಉತ್ತರದ ಬೆಳಕು ಬಿದ್ದರೆ ಹಗಲು ದೀಪ ಬೇಡ. ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಮಾರ್ಚ್ ತಿಂಗಳ ಮಧ್ಯಾಹ್ನ ಎಸ್ಸೆಸ್ಸೆಲ್ಸಿ ಮಕ್ಕಳು ಕೂರುವುದಾದರೆ ಅಲ್ಲಿ ಯಾವ ಆಧುನಿಕತೆಯನ್ನು ಮೆಚ್ಚುವುದು? ತಾರಸಿಗೆ ಬಿಳಿ ಸುಣ್ಣ ಬಳಿದರೂ ಒಳಗಿನ ಸೆಖೆ ಇಳಿಯುತ್ತದೆ, ಖರ್ಚೂ ಹೆಚ್ಚಲ್ಲ. ಈ ಭಾಗಕ್ಕೆ ಇನ್ನೊಂದು ಸಂಕಟವಿದೆ, ಶಬ್ದ. ಒಂದು ಕಡೆ ಜಕ್ಕೂರು ವಿಮಾನ ನಿಲ್ದಾಣ, ಇನ್ನೊಂದು ಕಡೆ ಯಲಹಂಕದ ವಾಯುನೆಲೆ, ನಡುವೆ ದೇವನಹಳ್ಳಿಗೆ ಓಡುವ ವಾಹನಗಳು. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಬಂದರೆ ಪಾಠದ ನಡುವೆ ಮೇಷ್ಟ್ರು ಮಾತು ನಿಲ್ಲಿಸಿ ಕಾಯಬೇಕು. ರಸ್ತೆಯ ಕಡೆಗೆ ಸಾಲಾಗಿ ಬೆಳೆದ ಹೊಂಗೆ, ಬೇವು ಶಬ್ದವನ್ನು ಪೂರ್ತಿ ತಡೆಯಲಾರವು. ದೂಳನ್ನು ಹಿಡಿಯುತ್ತವೆ, ನೆರಳು ಕೊಡುತ್ತವೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಸಿ, ಅಂಚಿಗೆ ಕುಂಡಗಳನ್ನಿಟ್ಟು ‘ಹಸಿರು ಆವರಣ’ ಎನ್ನುವುದಕ್ಕಿಂತ ಮಣ್ಣಿನ ಅಂಗಳದ ಹಳೆಯ ಹೊಂಗೆಮರವೇ ನನಗೆ ದೊಡ್ಡದು. ಮಳೆ ಇಂಗುವುದು ಅಲ್ಲಿ, ಮಕ್ಕಳು ಆಡುವುದೂ ಅಲ್ಲಿ.

ಶೌಚಾಲಯದ ಮಾತನ್ನು ಮೆಲ್ಲಗೆ ಆಡುವ ಕಾಲ ಮುಗಿಯಬೇಕು. ಎಂಟರಿಂದ ಹತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಶಾಲೆ ಆರಿಸುವಾಗ ತಾಯಂದಿರು ಮೊದಲು ನೋಡಬೇಕಾದ್ದು ಇದನ್ನೇ, ಅದೂ ಬೆಳಿಗ್ಗೆ ಹತ್ತಕ್ಕಲ್ಲ, ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ತೊಳೆದಿರುತ್ತಾರೆ, ಊಟದ ನಂತರ ನೀರಿದೆಯೇ ಎಂಬುದು ಪರೀಕ್ಷೆ. ಬಾಗಿಲಿಗೆ ಚಿಲಕವಿದೆಯೇ, ಪ್ಯಾಡು ಹಾಕಲು ಮುಚ್ಚಳದ ಡಬ್ಬವಿದೆಯೇ, ಅದನ್ನು ಖಾಲಿ ಮಾಡುವವರು ಯಾರು, ಸರ್ಕಾರದ ‘ಶುಚಿ’ ಯೋಜನೆಯ ಪ್ಯಾಡುಗಳು ಈ ವರ್ಷ ಬಂದಿವೆಯೇ ಎಂದು ಕೇಳಬೇಕು. ಉತ್ತರಿಸಲು ತಡವರಿಸಿದರೆ ಅದಕ್ಕೆ ಮುಖ್ಯೋಪಾಧ್ಯಾಯರೊಬ್ಬರನ್ನೇ ದೂರುವುದು ಅನ್ಯಾಯ. ಸಮಗ್ರ ಶಿಕ್ಷಣ ಅಭಿಯಾನದಲ್ಲಿ 251ರಿಂದ 1,000 ಮಕ್ಕಳಿರುವ ಶಾಲೆಗೆ ವಾರ್ಷಿಕ ಸಂಯುಕ್ತ ಅನುದಾನವೆಂದು ನಿಗದಿಯಾಗಿರುವುದು 75,000 ರೂಪಾಯಿ. ಅದರಲ್ಲಿ ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಖರ್ಚು ಮಾಡಬೇಕೆಂಬುದು ನಿಯಮ. ಅಂದರೆ 7,500 ರೂಪಾಯಿ, ತಿಂಗಳಿಗೆ 625. ಈ ಹಣದಲ್ಲಿ 400 ಮಕ್ಕಳ ಶೌಚಾಲಯವನ್ನು ತೊಳೆಯಲು ಯಾರು ಬರುತ್ತಾರೆ? 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ್ದು ಹೊರಬಂದಾಗ ನಾಡೆಲ್ಲ ಸಿಟ್ಟಾಯಿತು. ಅದೇ ತಿಂಗಳು ಬೆಂಗಳೂರಿನ ಶಾಲೆಯೊಂದರಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ದೂರು ಬಂತು. ತಪ್ಪಿತಸ್ಥರ ಮೇಲೆ ಕ್ರಮವಾಯಿತು. ಪ್ರತಿ ಪ್ರೌಢಶಾಲೆಗೆ ಸಂಬಳದ ಸ್ವಚ್ಛತಾ ಕೆಲಸಗಾರರೊಬ್ಬರನ್ನು ಕೊಡದೆ ಎಷ್ಟು ಸೌರಫಲಕ ಕೂರಿಸಿದರೂ ಅಂಥ ಘಟನೆಗಳ ಬೇರು ಹಾಗೇ ಇರುತ್ತದೆ. ಪರಿಸರಸ್ನೇಹಿ ಎಂಬ ಹೆಸರಿಗೆ ನನ್ನ ಮೊದಲ ಷರತ್ತು ಇದು.

ಹಸಿರು ಶಾಲೆಯ ಮಾತು ಬಂದಾಗ ಶಾಲೆಗೆ ಹೋಗುವ ದಾರಿ ಹೆಚ್ಚಿನವರ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ ನಡೆದು ಹೋಗಬಹುದಾದ ಶಾಲೆಗೆ ಅರ್ಧ ಅಂಕ ಅಲ್ಲೇ ಬಿತ್ತು. ಎಷ್ಟೇ ಹಸಿರು ಪ್ರಮಾಣಪತ್ರವಿರಲಿ, ನೂರಾರು ಮಕ್ಕಳನ್ನು ಡೀಸೆಲ್ ಬಸ್ಸಿನಲ್ಲಿ ಹದಿನೈದು ಕಿಲೋಮೀಟರ್ ತಂದು ಬಿಡುವ ಶಾಲೆ ತಾನು ಉಳಿಸಿದ ವಿದ್ಯುತ್ತನ್ನು ರಸ್ತೆಯಲ್ಲಿ ಸುಡುತ್ತಿದೆ. ಆದರೆ ಅಲ್ಲಾಳಸಂದ್ರದಲ್ಲಿ ನಡಿಗೆ ಎಂದರೆ ಬಳ್ಳಾರಿ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಸ್ತೆಯ ಆ ಬದಿಯ ಶಾಲೆ ಒಂದೂವರೆ ಕಿಲೋಮೀಟರ್ ಇದ್ದರೂ, ದಾಟುವ ಜಾಗ ಸರಿಯಿಲ್ಲದಿದ್ದರೆ ಈ ಬದಿಯ ಮೂರು ಕಿಲೋಮೀಟರ್ ದೂರದ ಶಾಲೆಯೇ ಹತ್ತಿರ. 2006–07ರಲ್ಲಿ ಶುರುವಾಗಿ ಹಳ್ಳಿಯ ಹುಡುಗಿಯರನ್ನು ಪ್ರೌಢಶಾಲೆಗೆ ತಂದ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋದದ್ದು ದೊಡ್ಡ ನಷ್ಟ. ಇಡೀ ಶಿಕ್ಷಣ ಇಲಾಖೆಯಲ್ಲಿ ಅದಕ್ಕಿಂತ ಹಸಿರಾದ ಯೋಜನೆ ಇನ್ನೊಂದು ಇರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತವಾದ್ದರಿಂದ ಅವರ ಆಯ್ಕೆಯ ವ್ಯಾಪ್ತಿ ಹಿಗ್ಗಿದೆ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸು ಇದ್ದೇ ಇದೆ.

ಇನ್ನು ಕಲಿಕೆ. ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲೇ ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದಿತ್ತು. ಅಂದಿನಿಂದ ಪಠ್ಯದಲ್ಲಿ ಓಜೋನ್ ಪದರವಿದೆ, ಹಸಿರುಮನೆ ಪರಿಣಾಮವಿದೆ, ಜೂನ್ 5ರಂದು ಸಸಿ ನೆಡುವ ಫೋಟೊ ಇದೆ. ಅಲ್ಲಾಳಸಂದ್ರದ ಮಗುವಿಗೆ ಇದಕ್ಕಿಂತ ಎಷ್ಟೋ ದೊಡ್ಡ ಪ್ರಯೋಗಶಾಲೆ ಕಾಲ್ನಡಿಗೆಯ ದೂರದಲ್ಲಿದೆ. ಊರಿನ ಕೆರೆ ಇದೆ. ಸ್ವಲ್ಪ ಆಚೆ ಜಕ್ಕೂರು ಕೆರೆ. ಅಲ್ಲಿ ಜಲಮಂಡಳಿಯ ಘಟಕದಲ್ಲಿ ಸಂಸ್ಕರಿಸಿದ ಕೊಳಚೆ ನೀರು ಜೌಗು ಸಸ್ಯಗಳ ನಡುವೆ ಹಾದು ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ, ಮುಂದೆ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ. ನಗರದ ಕೊಳಚೆ ಮತ್ತೆ ನೀರಾಗುವುದನ್ನು ಕಣ್ಣಾರೆ ನೋಡಬಹುದಾದ ಇಂಥ ಜಾಗ ಕರ್ನಾಟಕದ ಎಷ್ಟು ಶಾಲೆಗಳಿಗೆ ಹತ್ತಿರವಿದೆ? ಯಲಹಂಕದ ಪುಟ್ಟೇನಹಳ್ಳಿ ಕೆರೆ ಹಕ್ಕಿಗಳಿಗಾಗಿಯೇ ಸಂರಕ್ಷಣಾ ಪ್ರದೇಶವಾಗಿದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವೂ ಪಕ್ಕದಲ್ಲೇ, ನವೆಂಬರ್ ಬಂದರೆ ಕೃಷಿ ಮೇಳ. ಎಂಟನೇ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ಈ ಕೆರೆಗಳಲ್ಲೊಂದಕ್ಕೆ ಹೋಗಿ ನಾಮದಕೋಳಿ, ನೀರುಕಾಗೆ, ಹೆಜ್ಜಾರ್ಲೆ ಎಷ್ಟೆಂದು ಎಣಿಸಿ, ಪರೀಕ್ಷಾ ಪಟ್ಟಿಯನ್ನು ನೀರಿಗೆ ಅದ್ದಿ ಆಮ್ಲೀಯತೆ ನೋಡಿ, ಮೂರು ವರ್ಷ ಬರೆದಿಟ್ಟರೆ ಹತ್ತನೇ ತರಗತಿ ಮುಗಿಸುವಾಗ ಅವರ ಕೈಯಲ್ಲಿ ಆ ಕೆರೆಯ ಚರಿತ್ರೆ ಇರುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರಾಜ್ಯದಲ್ಲಿ ನಡೆಸಿಕೊಂಡು ಬಂದಿರುವ ಮಕ್ಕಳ ವಿಜ್ಞಾನ ಸಮಾವೇಶ ಇಂಥ ಸ್ಥಳೀಯ ಅಧ್ಯಯನಗಳಿಗೆಂದೇ ಇರುವ ವೇದಿಕೆ. ಯಾವ ಶಾಲೆಯಿಂದ ಮಕ್ಕಳು ಅಲ್ಲಿಗೆ ಹೋಗುತ್ತಾರೋ ಆ ಶಾಲೆಯಲ್ಲಿ ಒಬ್ಬ ಒಳ್ಳೆಯ ವಿಜ್ಞಾನ ಶಿಕ್ಷಕರಿದ್ದಾರೆ ಎಂದೇ ತಿಳಿಯಬಹುದು.

ಪ್ರಶಸ್ತಿಗಳ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಶಿಕ್ಷಣ ಇಲಾಖೆ ಸೇರಿ ‘ಪರಿಸರ ಮಿತ್ರ ಶಾಲೆ’, ‘ಹಸಿರು ಶಾಲೆ’, ‘ಹಳದಿ ಶಾಲೆ’ ಎಂದು ಗುರುತಿಸುವ ಕಾರ್ಯಕ್ರಮವಿದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಗಾಳಿ, ಶಕ್ತಿ, ಆಹಾರ, ನೆಲ, ನೀರು, ತ್ಯಾಜ್ಯ ಎಂಬ ಆರು ಬಾಬತ್ತಿನಲ್ಲಿ ಮಕ್ಕಳಿಂದಲೇ ತಮ್ಮ ಶಾಲೆಯ ತಪಾಸಣೆ ಮಾಡಿಸುತ್ತದೆ. 1994ರಲ್ಲಿ ಯುರೋಪಿನಲ್ಲಿ ಆರಂಭವಾದ ಇಕೋ ಸ್ಕೂಲ್ಸ್ ಕಾರ್ಯಕ್ರಮದಲ್ಲೂ ಮೊದಲ ಹೆಜ್ಜೆ ಮಕ್ಕಳ ಸಮಿತಿ, ಸಾಮಗ್ರಿ ಖರೀದಿಯಲ್ಲ. ಈ ಕ್ರಮ ಸರಿಯಾದದ್ದು. ಎಷ್ಟು ನೀರು ಪೋಲಾಗುತ್ತಿದೆ ಎಂದು ಅಳೆದ ಮಗು ನಲ್ಲಿ ಸೋರಿದರೆ ಸುಮ್ಮನಿರುವುದಿಲ್ಲ. ಶಾಲೆಗೆ ಪ್ರಶಸ್ತಿ ಬಂದಿದ್ದರೆ ಸಂತೋಷ. ಯಾವ ವರ್ಷದ್ದು, ಆಗಿನ ಶಿಕ್ಷಕರು ಈಗಲೂ ಇದ್ದಾರೆಯೇ ಎಂದು ಕೇಳಿ. ಕೈತೋಟ, ಇಕೋ ಕ್ಲಬ್ಬು ಒಬ್ಬರ ಉತ್ಸಾಹದಿಂದ ಎದ್ದು ಅವರ ವರ್ಗಾವಣೆಯೊಂದಿಗೆ ಬಿದ್ದುಹೋಗುವುದನ್ನು ಎಲ್ಲ ಜಿಲ್ಲೆಗಳಲ್ಲೂ ಕಾಣುತ್ತೇವೆ.

ಕಂಪ್ಯೂಟರ್ ಕೊಠಡಿ, ಸ್ಮಾರ್ಟ್ ಬೋರ್ಡು, ಅಟಲ್ ಟಿಂಕರಿಂಗ್ ಲ್ಯಾಬ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2001ರ ‘ಮಾಹಿತಿ ಸಿಂಧು’ ಕಂಪ್ಯೂಟರ್ ಕಲಿಕೆ ಯೋಜನೆಯಿಂದ ಇಲ್ಲಿಯವರೆಗೆ ನಡೆದ ಕಥೆ ಒಂದೇ: ಯಂತ್ರ ಬಂತು, ಕಲಿಸುವವರ ಗುತ್ತಿಗೆ ಮುಗಿಯಿತು, ಕೊಠಡಿಗೆ ಬೀಗ ಬಿತ್ತು. ವೇಳಾಪಟ್ಟಿಯಲ್ಲಿ ಆ ಕೊಠಡಿಗೆ ವಾರಕ್ಕೆ ಎಷ್ಟು ಅವಧಿ ಕೊಟ್ಟಿದ್ದಾರೆ ಎಂದು ನೋಡಿದರೆ ಸತ್ಯ ತಿಳಿಯುತ್ತದೆ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರೆಯೇ, ಅತಿಥಿ ಶಿಕ್ಷಕರೇ ಎಂಬುದು ಅದಕ್ಕಿಂತ ಮುಖ್ಯ. ಫಲಿತಾಂಶ ನೋಡುವಾಗ ಹಲವು ವರ್ಷಗಳದ್ದನ್ನು ಒಟ್ಟಿಗೆ ನೋಡಬೇಕು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ ವರ್ಷ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಆ ವರ್ಷವೂ ಕುಸಿಯದ ಶಾಲೆಯನ್ನು ನಂಬಬಹುದು.

ಇಷ್ಟೆಲ್ಲ ನೋಡಿದ ಮೇಲೆ ಸರ್ಕಾರದ ದಾರಿಯ ಬಗ್ಗೆ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಕರ್ನಾಟಕ ಪಬ್ಲಿಕ್ ಶಾಲೆಯ ಕಲ್ಪನೆ ಒಳ್ಳೆಯದು. ಏಳನೇ ತರಗತಿಗೆ ಟಿ.ಸಿ. ಹಿಡಿದು ಅಲೆಯುವ ಸಂಕಟವನ್ನೇ ಅದು ತಪ್ಪಿಸುತ್ತದೆ, ಎಷ್ಟೋ ಹೆಣ್ಣುಮಕ್ಕಳು ಓದು ಬಿಡುವುದು ಈ ತಿರುವಿನಲ್ಲೇ. ಆದರೆ ದೊಡ್ಡ ಶಾಲೆ ಕಟ್ಟುವ ನೆಪದಲ್ಲಿ ಸುತ್ತಲಿನ ಸಣ್ಣ ಶಾಲೆಗಳನ್ನು ಅದಕ್ಕೆ ವಿಲೀನ ಮಾಡುವ ಪ್ರಸ್ತಾಪ ಬಂದಾಗ ಜನ ವಿರೋಧಿಸಿದ್ದು ಸರಿಯಾಗಿಯೇ ಇದೆ. ಮನೆಯ ಹತ್ತಿರದ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ದೂರದ ಕಟ್ಟಡದ ಮೇಲೆ ಸೌರಫಲಕ ಕೂರಿಸುವುದು ಪರಿಸರದ ಲೆಕ್ಕದಲ್ಲೂ ತಪ್ಪು, ಶಿಕ್ಷಣದ ಲೆಕ್ಕದಲ್ಲೂ ತಪ್ಪು. ಇರುವ ಪ್ರೌಢಶಾಲೆಗಳಿಗೆ ಒಬ್ಬ ಸ್ವಚ್ಛತಾ ಕೆಲಸಗಾರ, ಒಂದು ಲಕ್ಷ ಲೀಟರ್‌ನ ಸಂಪು, ನಿರ್ವಹಣೆಗೆ ಪ್ರತ್ಯೇಕ ಹಣ, ವಿಷಯಕ್ಕೊಬ್ಬ ಕಾಯಂ ಶಿಕ್ಷಕ, ಇಷ್ಟು ಕೊಟ್ಟ ಮೇಲೆ ಉಳಿದ ಹಣದಲ್ಲಿ ಹೊಸ ಕಟ್ಟಡ ಕಟ್ಟಲಿ.

ಅಲ್ಲಾಳಸಂದ್ರದ, ಜಕ್ಕೂರಿನ, ಯಲಹಂಕದ ಪೋಷಕರಲ್ಲಿ ನನ್ನದೊಂದು ಕೇಳಿಕೆ. ಹೊರಡುವ ಮೊದಲು ಶಾಲೆಗಳ ಅಂಕಿಅಂಶ ಇಡುವ ಯುಡೈಸ್ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯಗಳೆಷ್ಟು ನೋಡಿಕೊಳ್ಳಿ. ಮಗುವನ್ನೂ ಕರೆದುಕೊಂಡು, ಶಾಲೆಗೆ ನಡೆದೇ ಹೋಗಿ. ನಲ್ಲಿ ತಿರುಗಿಸಿ ನೋಡಿ. ಸೇರಿಸಿದ ಮೇಲೆ ಅಲ್ಲಿಗೆ ಕೈತೊಳೆದುಕೊಳ್ಳಬೇಡಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅದರಲ್ಲಿ ಪೋಷಕರಿಗೆ ಸ್ಥಾನವಿದೆ. ಪ್ರವೇಶದ ಅರ್ಜಿ ತುಂಬುವ ದಿನವೇ ಆ ಸಮಿತಿಯ ಮುಂದಿನ ಸಭೆ ಯಾವತ್ತು ಎಂದು ಕೇಳಿ ಬರೆದುಕೊಳ್ಳಿ, ಆ ದಿನ ತಪ್ಪದೆ ಹೋಗಿ.